ಶಿಶುನಾಳದ ಶರೀಫ ಸಾಹೇಬರು

ಧಾರವಾಡ ಸೀಮೆಯ ಹಳ್ಳಿಗಳ ಭಜನಾ ಮೇಳಗಳಲ್ಲಿ ಏಕತಾರಿ ಶ್ರುತಿಗೊಂಡು ತಾಳ ನುಡಿಯತೊಡಗಿದ ಮೇಲೆ, ಶಿಶುನಾಳಾಧೀಶನೆಂಬ ಅಂಕಿತವು ಒಮ್ಮೆಯಾದರೂ ಕಿವಿಗೆ ಬೀಳದೆ ಇರುಳು ಕಳೆಯುವುದು ಅಪರೂಪ. ಆ ಪದಗಳನ್ನು ಕಟ್ಟಿ ತಾವೇ ಹಾಡಿದ ಶರೀಫ ಸಾಹೇಬರು ದೇಹವಿಟ್ಟು ಶತಮಾನವೇ ಸಂದಿದ್ದರೂ, ಹಾಡುವ ಹಿರಿಯರು ಅವರನ್ನು ನಿನ್ನೆ ಮೊನ್ನೆ ತಮ್ಮ ಓಣಿಯಲ್ಲಿ ನಡೆದುಹೋದವರೆಂಬಂತೆ ನೆನೆಯುತ್ತಾರೆ.

ಶರೀಫರು 1819ರಲ್ಲಿ, ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ ಜನಿಸಿದರು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಓದುಬರಹ ಕಲಿತು ಕೆಲಕಾಲ ಕನ್ನಡ ಶಾಲೆಯ ಶಿಕ್ಷಕರಾದರು. ಆದರೆ ಆ ನೌಕರಿ ಅವರನ್ನು ಬಹುಕಾಲ ಹಿಡಿದಿಡಲಿಲ್ಲ. ಅವರ ಬಾಳು ಹೊರಳಿದ್ದು ಕಳಸದ ಗೋವಿಂದಭಟ್ಟರ ಸನ್ನಿಧಿಯಲ್ಲಿ. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಎರಡೂ ಕಡೆಯ ಜನರು ಮುನಿದರು. ಗುರುಗಳು ತಮ್ಮ ಜನಿವಾರವನ್ನೇ ಶಿಷ್ಯನಿಗೆ ತೊಡಿಸಿದರೆಂಬ ಸಂಗತಿಯನ್ನು ಆ ಸೀಮೆಯಲ್ಲಿ ಅರಿಯದವರಿಲ್ಲ. ಆ ಕಾಲದಲ್ಲಿ ಅಂತಹ ನಡೆಗೆ ಎಂತಹ ಎದೆಗಾರಿಕೆ ಬೇಕಾಗಿದ್ದಿತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು.

ಕೈಹಿಡಿದ ಮಡದಿಯು ಅಗಲಿದ ಮೇಲೆ ಸಂಸಾರದ ನಂಟು ಸಡಿಲವಾಯಿತು. ಬಡತನವಂತೂ ಬಿಡಲಿಲ್ಲ. ಆದರೆ ಕಣ್ಣಿಗೆ ಬಿದ್ದುದೆಲ್ಲವೂ ಅವರಿಗೆ ಪದವಾಯಿತು. ಸೋರುವ ಮಾಳಿಗೆ, ತಂತಿಯ ತಂಬೂರಿ, ಎಡವಿ ಬೀಳುವ ಮುದುಕಿ, ಹೊಸದಾಗಿ ಬಂದ ಗಿರಣಿ ಇವುಗಳೊಳಗೇ ಅವರು ದೇಹ, ಜೀವ, ಮಾಯೆಗಳ ವಿಚಾರವನ್ನು ಅಡಗಿಸಿದರು. ಒಕ್ಕಲಿಗನು ಅದನ್ನು ಕೇಳಿ ನಕ್ಕನು. ಬಲ್ಲವನು ಕೇಳಿ ಸುಮ್ಮನಾದನು. ಅವರ ಹಿರಿಮೆ ಇರುವುದು ತತ್ತ್ವದಲ್ಲಿ ಮಾತ್ರವಲ್ಲ, ಆಡುಮಾತನ್ನು ನಂಬಿದ ಧೈರ್ಯದಲ್ಲಿ ಎಂದೇ ನನ್ನ ಭಾವನೆ.

ಅವರ ಕೊನೆಯ ದಿನದ ಕಥೆಯನ್ನು ಜನರು ಇಂದಿಗೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಅಂತ್ಯಕಾಲದಲ್ಲಿ ಶರಣರ ಪದ್ಧತಿಯಂತೆ ವಿಭೂತಿವೀಳ್ಯವಾಗಬೇಕು, ಜಂಗಮರ ಪಾದ ತಮ್ಮ ಶಿರದ ಮೇಲಿರಬೇಕೆಂದು ಅವರು ಬಯಸಿದರಂತೆ. ಅಂತಹ ಮಹಿಮರ ತಲೆಯ ಮೇಲೆ ಪಾದವಿಡಲು ಮೊದಲು ಯಾರೂ ಮುಂದಾಗಲಿಲ್ಲ. ಕಡೆಗೆ ಒಬ್ಬ ಜಂಗಮರು ಅಳುಕುತ್ತಲೇ ಒಪ್ಪಿದರೆಂದು ಹೇಳಿಕೆ. 1889ರಲ್ಲಿ ಶರೀಫರು ಲಿಂಗೈಕ್ಯರಾದಾಗ ಒಂದೆಡೆ ಕುರಾನಿನ ಪಠಣ, ಇನ್ನೊಂದೆಡೆ ಮಂತ್ರಘೋಷ ನಡೆದವು. ಇಂದಿಗೂ ಅವರ ಗದ್ದುಗೆಗೆ ಉಭಯ ಮತದವರೂ ನಡೆದುಕೊಳ್ಳುತ್ತಾರೆ.

ಅವರ ಪದಗಳು ಉಳಿದದ್ದು ಮುಖ್ಯವಾಗಿ ಅಭಿಮಾನಿಗಳ ನಾಲಗೆಯಲ್ಲಿ. ತಂದೆಯಿಂದ ಮಗ ಕಲಿತನು, ಮೇಳದಿಂದ ಮೇಳಕ್ಕೆ ಧಾಟಿ ಹಬ್ಬಿತು. ಬಾಯಿಂದ ಬಾಯಿಗೆ ಬರುವಾಗ ಪಾಠಾಂತರಗಳೂ ಹುಟ್ಟಿದವು. ಸಂಗ್ರಹಕಾರರು ಅವುಗಳನ್ನು ಅಚ್ಚಿಗೆ ತಂದದ್ದು ತರುವಾಯದ ಮಾತು. ಮುಂದೆ ಸಿ. ಅಶ್ವತ್ಥರ ಕಂಠದಿಂದ ಆ ಪದಗಳು ನಗರದ ಮನೆಗಳನ್ನು ಹೊಕ್ಕವು, 1990ರಲ್ಲಿ ಟಿ. ಎಸ್. ನಾಗಾಭರಣರು ಶರೀಫರ ಚರಿತ್ರೆಯನ್ನು ಚಲನಚಿತ್ರವಾಗಿಸಿದರು. ಅದರ ಸಂಗೀತವೂ ಅಶ್ವತ್ಥರದೇ. 2009ರ ಡಿಸೆಂಬರಿನಲ್ಲಿ ಅಶ್ವತ್ಥರೂ ಅಗಲಿದರು. ಹಳ್ಳಿಯ ಹಳೆಯ ಭಜನೆಕಾರರಾದರೋ ತಮ್ಮ ಹಿರಿಯರಿಂದ ಬಂದ ಧಾಟಿಯನ್ನು ಬಿಟ್ಟುಕೊಡಲಿಲ್ಲ. ಒಂದೇ ಪದವನ್ನು ತಂದೆ ಒಂದು ಧಾಟಿಯಲ್ಲಿಯೂ ಧ್ವನಿಸುರುಳಿ ಕೇಳಿ ಬೆಳೆದ ಮಗ ಇನ್ನೊಂದು ಧಾಟಿಯಲ್ಲಿಯೂ ಹಾಡುವ ಮನೆಗಳು ಆ ಸೀಮೆಯಲ್ಲಿವೆ. ಅಂಕಿತ ಬರುವ ಹೊತ್ತಿಗೆ ಇಬ್ಬರೂ ಕಣ್ಣು ಮುಚ್ಚಿಕೊಂಡಿರುತ್ತಾರೆ.