ಕಕ್ಷೆಯಿಂದ ಕಕ್ಷೆಗೆ ದಾರಿ ತೋರಿದ ವಾಲ್ಟರ್ ಹೋಮನ್

ಉಪಗ್ರಹವನ್ನು ಒಂದು ಕಕ್ಷೆಯಿಂದ ಮತ್ತೊಂದಕ್ಕೆ ಮಿತವಾದ ಇಂಧನದಲ್ಲಿ ಸಾಗಿಸುವ ಮಾರ್ಗ ಇಂದಿಗೂ ವಾಲ್ಟರ್ ಹೋಮನ್ ಅವರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಆದರೆ ಈ ಜರ್ಮನ್ ಎಂಜಿನಿಯರ್ ತಮ್ಮ ಜೀವಿತಕಾಲದಲ್ಲಿ ಒಂದೇ ಒಂದು ಉಪಗ್ರಹವನ್ನೂ ಕಾಣಲಿಲ್ಲ.

1880ರ ಮಾರ್ಚ್ 18ರಂದು ಹಾರ್ಡ್‌ಹೈಮ್ ಎಂಬ ಊರಿನಲ್ಲಿ ವೈದ್ಯರ ಮಗನಾಗಿ ಜನಿಸಿದ ಹೋಮನ್, ಬಾಲ್ಯದ ಕೆಲವು ವರ್ಷಗಳನ್ನು ದಕ್ಷಿಣ ಆಫ್ರಿಕಾದಲ್ಲಿ ಕಳೆದರು. ಮ್ಯೂನಿಕ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಅಭ್ಯಸಿಸಿ 1904ರಲ್ಲಿ ಪದವೀಧರರಾದರು. 1912ರಲ್ಲಿ ಎಸ್ಸೆನ್ ನಗರಾಡಳಿತದ ಸೇವೆಗೆ ಸೇರಿದರು. ಕಟ್ಟಡಗಳ ಭಾರ ಮತ್ತು ಬಲಗಳ ಲೆಕ್ಕಾಚಾರ ಅವರ ವೃತ್ತಿ. ಗ್ರಹಗಳನ್ನು ತಲುಪುವ ಲೆಕ್ಕಾಚಾರ ಬಿಡುವಿನ ವೇಳೆಯ ತಪಸ್ಸು. ಅದರ ಫಲವಾದ ಗ್ರಂಥ 1925ರಲ್ಲಿ ಪ್ರಕಟವಾಯಿತು.

ಅವರು ಕಂಡುಕೊಂಡ ಉಪಾಯ ಸರಳವಾದುದು. ಒಳಗಿನ ವೃತ್ತಾಕಾರದ ಕಕ್ಷೆಯಲ್ಲಿ ಎಂಜಿನ್ ಉರಿಸಿ ವೇಗ ಹೆಚ್ಚಿಸಿದರೆ ನೌಕೆಯ ಪಥ ದೀರ್ಘವೃತ್ತವಾಗುತ್ತದೆ. ಅರ್ಧ ಸುತ್ತಿನ ಬಳಿಕ ಅದು ಹೊರಗಿನ ಕಕ್ಷೆಯನ್ನು ಮುಟ್ಟಿದಾಗ ಮತ್ತೊಮ್ಮೆ ಉರಿಸಿದರೆ ನೌಕೆ ಅಲ್ಲಿಯೇ ನೆಲೆಗೊಳ್ಳುತ್ತದೆ.

ಹೋಮನ್ ಚಿಂತಿಸಿದ್ದು ಗ್ರಹಯಾನವನ್ನು ಕುರಿತು. ಅದೇ ತತ್ತ್ವ ಇಂದು ಉಪಗ್ರಹಗಳನ್ನು ಸಮಾನ ಅಂತರದಲ್ಲಿ ಮಾಲೆಯಂತೆ ಪೋಣಿಸಲೂ ನೆರವಾಗಿದೆ. ಒಂದೇ ರಾಕೆಟ್ಟಿನಿಂದ ಹೊರಬಂದ ಉಪಗ್ರಹಗಳು ಮೊದಲು ಗುಂಪಾಗಿಯೇ ಇರುತ್ತವೆ. ಅವುಗಳಲ್ಲಿ ಒಂದನ್ನು ಮೇಲಕ್ಕೇರಿಸಿ ಉಳಿದವನ್ನು ಕೆಳಗೇ ಬಿಟ್ಟರೆ, ಕೆಳಗಿನ ಕಕ್ಷೆಯ ಸುತ್ತು ಬೇಗ ಮುಗಿಯುವುದರಿಂದ ಅವು ಪ್ರತಿ ಸುತ್ತಿನಲ್ಲೂ ತುಸು ಮುಂದೆ ಸಾಗುತ್ತವೆ. ಬೇಕಾದಷ್ಟು ಅಂತರ ಒದಗಿದೊಡನೆ ಮುಂದಿನದನ್ನು ಏರಿಸಲಾಗುತ್ತದೆ. ಇರಿಡಿಯಂ ದೂರವಾಣಿ ಜಾಲದಲ್ಲಿ 6 ಕಕ್ಷಾತಲಗಳಿದ್ದು, ಒಂದೊಂದರಲ್ಲಿ 11ರಂತೆ ಒಟ್ಟು 66 ಉಪಗ್ರಹಗಳಿವೆ. ಒಂದೇ ತಲದ ಎರಡು ಉಪಗ್ರಹಗಳ ನಡುವೆ ಸುಮಾರು 33 ಡಿಗ್ರಿ ಅಂತರ. 2017ರಿಂದ 2019ರವರೆಗೆ ಹಾರಿಸಿದ ಅದರ ಹೊಸ ಉಪಗ್ರಹಗಳನ್ನು ಸುಮಾರು 625 ಕಿ.ಮೀ. ಎತ್ತರದಲ್ಲಿ ಬಿಟ್ಟು, ಅನಂತರ 780 ಕಿ.ಮೀ.ಗೆ ಏರಿಸಲಾಯಿತು. ನಮ್ಮ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರವು ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಭೂಸ್ಥಿರ ಕಕ್ಷೆಗೆ ಏರಿಸುವಾಗಲೂ ದೀರ್ಘವೃತ್ತದ ದೂರದ ತುದಿಯಲ್ಲಿಯೇ ಎಂಜಿನ್ ಉರಿಸುತ್ತದೆ.

ಜರ್ಮನಿಯ ಬಾಹ್ಯಾಕಾಶ ಯಾನ ಸಂಘದಲ್ಲಿ ಹೋಮನ್ ಸಕ್ರಿಯರಾಗಿದ್ದರು. ಆದರೆ ಆ ದೇಶದ ರಾಕೆಟ್ ವಿದ್ಯೆ ಶಸ್ತ್ರಾಸ್ತ್ರದತ್ತ ಹೊರಳಿದಾಗ ಅವರು ಅದರಿಂದ ದೂರ ಉಳಿದರು. ಯುದ್ಧ ಮಾತ್ರ ಅವರನ್ನು ಬಿಡಲಿಲ್ಲ. ಎಸ್ಸೆನ್ ನಗರ ಬಾಂಬ್ ದಾಳಿಗಳಿಂದ ಜರ್ಜರಿತವಾಗಿದ್ದ ದಿನಗಳಲ್ಲಿ, 1945ರ ಮಾರ್ಚ್ 11ರಂದು, ಆಸ್ಪತ್ರೆಯಲ್ಲಿ ನಿಧನ ಹೊಂದಿದರು. ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಬಾನಿಗೇರಿದ್ದು 1957ರಲ್ಲಿ. ಚಂದ್ರನ ಮೇಲಿನ ಒಂದು ಕುಳಿಗೆ ಇಂದು ಹೋಮನ್ ಅವರ ಹೆಸರಿದೆ.