ಕಪ್ಪೆ ಮೇಷ್ಟ್ರು ಸಿ.ಆರ್. ನಾರಾಯಣ ರಾವ್

ಜುಲೈ ತಿಂಗಳಲ್ಲಿ ಸಾಗರದ ಕಡೆ ಬಂದವರಿಗೆ ಗೊತ್ತಿರುತ್ತೆ, ರಾತ್ರಿ ಕರೆಂಟ್ ಹೋದ ಮೇಲೆ ನಮ್ಮ ಊರು ನಿಶ್ಶಬ್ದ ಆಗೋದಿಲ್ಲ. ಗದ್ದೆಯಿಂದ ವಟವಟ, ಅಡಿಕೆ ತೋಟದ ಬಸಿಗಾಲುವೆಯಿಂದ ಇನ್ನೊಂದು ದನಿ, ಹಿತ್ತಿಲ ಬೇಲಿಯಿಂದ ಟಿಕ್ ಟಿಕ್ ಅಂತ ಮತ್ತೊಂದು. ಆ ಟಿಕ್ ಟಿಕ್ ಯಾವುದೋ ಹುಳದ್ದು ಅಂತಲೇ ನಾನು ಚಿಕ್ಕಂದಿನಲ್ಲಿ ನಂಬಿದ್ದೆ. ಅದು ಬೆರಳ ತುದಿಯಲ್ಲಿ ಕೂರುವಷ್ಟು ಸಣ್ಣ ಪೊದೆಗಪ್ಪೆಯ ದನಿ ಅಂತ ಗೊತ್ತಾಗಿದ್ದು ಕಾಲೇಜಿಗೆ ಸೇರಿದ ಮೇಲೆ. ಈ ಕಪ್ಪೆಗಳ ಕುಲದ ಹೆಸರು ರಾವೋರ್ಕೆಸ್ಟಿಸ್. ಅದರಲ್ಲಿರುವ ‘ರಾವ್’ ಯಾರಪ್ಪಾ ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದವರು ಬೆಂಗಳೂರಿನ ಒಬ್ಬ ಮೇಷ್ಟ್ರು, ಸಿ.ಆರ್. ನಾರಾಯಣ ರಾವ್.

ಹುಟ್ಟಿದ್ದು 1882ರ ಆಗಸ್ಟ್ 15ರಂದು, ಕೊಯಮತ್ತೂರಿನಲ್ಲಿ. ಓದಿದ್ದು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಅಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟವರು ಪ್ರೊಫೆಸರ್ ಹೆಂಡರ್ಸನ್, ಏಡಿ ಸಿಗಡಿಗಳ ಬಗ್ಗೆ ಕೆಲಸ ಮಾಡಿದವರು. ಓದು ಮುಗಿಸಿ ಕೆಲಕಾಲ ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಪಾಠ ಮಾಡಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದರು. ನಮ್ಮ ಸರ್ ಎಂ.ವಿ. ಬಿ.ಎ. ಓದಿದ ಕಾಲೇಜು ಅದೇ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾದಾಗ ಸೆಂಟ್ರಲ್ ಕಾಲೇಜು ಅದರ ವಿಜ್ಞಾನದ ಮನೆಯಾಯಿತು. ಅಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ, 1937ರಲ್ಲಿ ನಿವೃತ್ತರಾಗುವವರೆಗೂ ನಡೆಸಿದವರು ನಾರಾಯಣ ರಾಯರು.

ಹಾವು, ಹಲ್ಲಿ, ಕಪ್ಪೆಗಳನ್ನೆಲ್ಲ ಒಟ್ಟಿಗೆ ಅಭ್ಯಾಸ ಮಾಡುವ ಶಾಖೆಯೊಂದು ಪ್ರಾಣಿಶಾಸ್ತ್ರದಲ್ಲಿದೆ. ಆಗ ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಬ್ರಿಟಿಷ್ ಸೇನಾಧಿಕಾರಿಗಳು ಮತ್ತು ಡಾಕ್ಟರುಗಳ ಹವ್ಯಾಸ. ಅವರು ಹಿಡಿದದ್ದು ಬಾಟಲಿಯಲ್ಲಿ ಕೂತು ಲಂಡನ್ನಿಗೆ ಹೋಗೋದು, ಹೆಸರು ಅಲ್ಲಿ ಬೀಳೋದು. ಇಲ್ಲಿನ ಕಾಲೇಜು ಮೇಷ್ಟ್ರೊಬ್ಬರು ಇಲ್ಲೇ ಕೂತು ಅದೇ ಕೆಲಸ ಮಾಡೋದು ಅಪರೂಪ. ರಾಯರು ಆರಿಸಿಕೊಂಡದ್ದು ಕಪ್ಪೆಗಳನ್ನು, ಅದರಲ್ಲೂ ಮೊದಲು ಗೊದಮೊಟ್ಟೆಗಳನ್ನು. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಮೊದಲ ನಿರ್ದೇಶಕ ನೆಲ್ಸನ್ ಅನ್ನಂಡೇಲ್ ಜೊತೆ ಸೇರಿ ಬಯಲುಸೀಮೆಯ ಗೊದಮೊಟ್ಟೆಗಳ ಬಗ್ಗೆ ಅವರು ಬರೆದ ಪ್ರಬಂಧ 1918ರಲ್ಲಿ ಬಂತು. ಗೊದಮೊಟ್ಟೆಯೇ ಯಾಕೆ? ದೊಡ್ಡದಾದ ಮೇಲೆ ಎರಡು ಕಪ್ಪೆಗಳು ಒಂದೇ ಥರ ಕಂಡರೂ, ಮರಿಯಾಗಿದ್ದಾಗ ಅವುಗಳ ಬಾಯಿ, ಹಲ್ಲಿನ ಸಾಲು ಬೇರೆ ಬೇರೆ ಇರಬಹುದು. ಯಾರು ಯಾರಿಗೆ ನೆಂಟರು ಅನ್ನೋ ವಿಕಾಸದ ಪ್ರಶ್ನೆಗೆ ಅದೂ ಒಂದು ಸಾಕ್ಷಿ.

1920ರಲ್ಲಿ ಕೊಡಗಿನ ಇರುಳುಗಪ್ಪೆಯೊಂದಕ್ಕೆ ಪವಿತ್ರ ಜೌಗು ಅನ್ನುವ ಅರ್ಥದ ಲ್ಯಾಟಿನ್ ಹೆಸರು ಕೊಟ್ಟರು. 1925ರಲ್ಲಿ ರಾಮಣ್ಣ ಅನ್ನುವವರ ಜೊತೆ ರಾಮನೆಲ್ಲ ಎಂಬ ಹೊಸ ಕುಲವನ್ನೇ ಸೂಚಿಸಿದರು. ಶಿಷ್ಯರೂ ಬೆಳೆದರು. ಎಲ್.ಎಸ್. ರಾಮಸ್ವಾಮಿ ಕಪ್ಪೆಗಳ ತಲೆಬುರುಡೆಯ ರಚನೆಯ ಬಗ್ಗೆ ಹೆಸರು ಮಾಡಿದರು.

ಇಷ್ಟೇ ಆಗಿದ್ದರೆ ಕಪ್ಪೆ ಮೇಷ್ಟ್ರ ಕಥೆ ಕಪ್ಪೆ ಹುಡುಕುವವರಿಗೆ ಮಾತ್ರ ಬೇಕಾಗುತ್ತಿತ್ತು. ಆದರೆ ನಮ್ಮ ಲೈಬ್ರರಿಗಳಲ್ಲಿ ಕಾಣುವ ‘ಕರೆಂಟ್ ಸೈನ್ಸ್’ ಪತ್ರಿಕೆ ಇದೆಯಲ್ಲ, ಅದರ ಮೊದಲ ಸಂಪಾದಕರು ಇವರೇ. ಆಗ ಇಲ್ಲಿ ಏನಾದರೂ ಕಂಡುಹಿಡಿದರೆ ಲಂಡನ್ನಿನ ‘ನೇಚರ್’ಗೆ ಹಡಗಿನ ಟಪಾಲಿನಲ್ಲಿ ಕಳಿಸಿ ಕಾಯಬೇಕಿತ್ತು. ಮದರಾಸಿನವರು ಏನು ಮಾಡುತ್ತಿದ್ದಾರೆ ಅಂತ ಲಾಹೋರಿನವರಿಗೆ ಗೊತ್ತಾಗುತ್ತಿರಲಿಲ್ಲ. ಸಿ.ವಿ. ರಾಮನ್, ಮೇಘನಾದ ಸಹಾ, ಬೀರ್ಬಲ್ ಸಾಹ್ನಿ, ಭಟ್ನಾಗರ್, ಆಗ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಮಾರ್ಟಿನ್ ಫಾರ್ಸ್ಟರ್, ಇಂಥ ಘಟಾನುಘಟಿಗಳೆಲ್ಲ ಪತ್ರಿಕೆಯ ಬೆನ್ನಿಗೆ ನಿಂತರು. ಮೊದಲ ಸಂಚಿಕೆ 1932ರ ಜುಲೈಯಲ್ಲಿ ಬೆಂಗಳೂರಿನಿಂದ ಹೊರಬಂತು. ರಾಯರು 1942ರವರೆಗೆ ಸಂಪಾದಕರಾಗಿದ್ದರು. ಹತ್ತು ವರ್ಷ! ಕಾಲೇಜಿನ ಒಂದು ಮ್ಯಾಗಜಿನ್‌ಗೆ ಲೇಖನ ಕೇಳಿ ಕೇಳಿ ಸುಸ್ತಾಗುವ ನಮಗೆ ಅದರ ಕಷ್ಟ ಸ್ವಲ್ಪವಾದರೂ ಅರ್ಥ ಆಗಬಹುದು.

ಸಂಪಾದಕತ್ವದ ನಡುವೆಯೇ, ನಿವೃತ್ತಿಯ ವರ್ಷವಾದ 1937ರಲ್ಲಿ, ಅವರ ದೊಡ್ಡ ಕಪ್ಪೆ ಪ್ರಬಂಧ ಬಂತು. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ, 41 ಪುಟ. ದಕ್ಷಿಣ ಭಾರತದ ಹತ್ತಾರು ಹೊಸ ಕಪ್ಪೆಗಳ ವಿವರ ಒಂದೇ ಸಲಕ್ಕೆ. ಜಾಗಗಳ ಹೆಸರು ನಮಗೆಲ್ಲ ಗೊತ್ತಿರುವುದೇ. ತೇಜಸ್ವಿಯವರ ಮೂಡಿಗೆರೆ ಪಕ್ಕದ ಕೊಟ್ಟಿಗೆಹಾರ, ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಸಿಗುವ ಕೆಂಪುಹೊಳೆ, ಕೊಡಗಿನ ಕಾಡುಗಳು. ಡಿಎನ್‌ಎ ಪರೀಕ್ಷೆ ಇಲ್ಲದ ಕಾಲ. ಬೆರಳ ತುದಿಯ ಅಂಟುಬಿಲ್ಲೆ ಎಷ್ಟಗಲ, ಕಾಲ್ಬೆರಳ ನಡುವಿನ ಪೊರೆ ಎಲ್ಲಿವರೆಗೆ, ನಾಲಿಗೆ ಹೇಗಿದೆ, ಚರ್ಮ ನುಣುಪೋ ಒರಟೋ, ಇವೇ ಅಳತೆಗೋಲು. ಒಂದಕ್ಕೆ ಹಲ್ಲಿತಲೆ ಅನ್ನುವ ಅರ್ಥದ ಹೆಸರನ್ನೂ ಇಟ್ಟರು.

ಇನ್ನು ಕಥೆಯ ಬೇಸರದ ಭಾಗ. ಹೊಸ ಜೀವಿಗೆ ಹೆಸರಿಡುವಾಗ ಅದರ ಒಂದು ಮಾದರಿಯನ್ನು ಸಂಗ್ರಹಾಲಯದಲ್ಲಿ ಇಡಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪ್ಯಾರಿಸ್ ಹತ್ತಿರ ಇಟ್ಟಿದ್ದ ಮೂಲ ಕಿಲೋಗ್ರಾಂ ತುಂಡಿನ ಹಾಗೆ. ಅನುಮಾನ ಬಂದಾಗ ಹೋಲಿಸಿ ನೋಡೋದು ಅದಕ್ಕೇ. ರಾಯರು 1937ರ ಕಪ್ಪೆಗಳ ಮೂಲ ಮಾದರಿಗಳನ್ನು ತಮ್ಮ ಕಾಲೇಜಿನಲ್ಲೇ ಇಟ್ಟಿದ್ದರು. ಕಾಲಕ್ರಮದಲ್ಲಿ ಅವು ಕಾಣೆಯಾದವು. 1960ರ ಜನವರಿ 2ರಂದು ರಾಯರೂ ತೀರಿಕೊಂಡರು. ಉಳಿದದ್ದು 41 ಪುಟ ಮಾತ್ರ. ಹೆಸರುಗಳಿವೆ, ಆದರೆ ಆ ಹೆಸರು ಯಾವ ಕಪ್ಪೆಯದು ಅಂತ ಖಚಿತವಾಗಿ ಹೇಳಲು ಮುಂದೆ ಬಂದವರ ಕೈಯಲ್ಲಿ ಏನೂ ಇಲ್ಲ.

ಆಗ ಕೆಲಸಕ್ಕೆ ಬಂದದ್ದು ಅವರು ಬರೆದಿಟ್ಟ ಊರಿನ ಹೆಸರು ಮತ್ತು ಅಳತೆ. ಅದೇ ಹಳ್ಳಕ್ಕೆ ಮಳೆಗಾಲದಲ್ಲಿ ಹೋಗಿ, ಉಂಬಳ ಕಚ್ಚಿಸಿಕೊಂಡು, ವಿವರಕ್ಕೆ ಹೊಂದುವ ಕಪ್ಪೆಯನ್ನು ಮತ್ತೆ ಹುಡುಕೋದು. ರಾಯರು ಕೆಂಪುಹೊಳೆಯಿಂದ ವರ್ಣಿಸಿದ್ದ ಮೈಕ್ರಿಕ್ಸಾಲಸ್ ಎಲಿಗನ್ಸ್ 73 ವರ್ಷ ಯಾರಿಗೂ ಗುರುತು ಸಿಕ್ಕಿರಲಿಲ್ಲ. ಎಸ್.ಡಿ. ಬಿಜು ಅವರು 2010ರಲ್ಲಿ ಶುರುಮಾಡಿದ ಕಳೆದುಹೋದ ಕಪ್ಪೆಗಳ ಹುಡುಕಾಟದಲ್ಲಿ ಅದು ಮತ್ತೆ ಕಂಡಿತು. ರಾಯರೇ ಹೆಸರಿಟ್ಟಿದ್ದ ಆನೆಮಲೆಯ ಇನ್ನೊಂದು ಕಪ್ಪೆಯೂ ಅಷ್ಟೇ ವರ್ಷಗಳ ನಂತರ ಸಿಕ್ಕಿತು. ಎಲಿಗನ್ಸ್‌ನ ಬಳಗವನ್ನು ಕುಣಿಯುವ ಕಪ್ಪೆಗಳು ಅಂತಾರೆ. ಹಳ್ಳದ ಭೋರ್ಗರೆತದಲ್ಲಿ ಕೂಗು ಕೇಳಿಸೋದು ಕಷ್ಟ, ಅದಕ್ಕೆ ಗಂಡು ಹಿಂಗಾಲು ಚಾಚಿ ಬಾವುಟದ ಹಾಗೆ ಬೀಸುತ್ತೆ. ನಾಯ್ಸ್ ಜಾಸ್ತಿಯಾದರೆ ಚಾನೆಲ್ ಬದಲಾಯಿಸಬೇಕು ಅನ್ನೋದನ್ನ ಎಲೆಕ್ಟ್ರಾನಿಕ್ಸ್ ಬ್ರಾಂಚಿನವರಿಗೆ ಹೇಳಬೇಕಾಗಿಲ್ಲ.

ಎಲ್ಲವೂ ಸುಖಾಂತ್ಯ ಅಂತೇನಲ್ಲ. ರಾಯರ ರಾಮನೆಲ್ಲ ಕುಲವನ್ನು ಈಗ ಬೇರೆ ಕುಲದೊಳಗೆ ಸೇರಿಸಿದ್ದಾರೆ. ಹಲ್ಲಿತಲೆ ಕಪ್ಪೆ ಯಾವುದು ಅನ್ನೋ ಗೊಂದಲ ಇನ್ನೂ ಬಗೆಹರಿದಿಲ್ಲ. ಆದರೂ ಪಶ್ಚಿಮ ಘಟ್ಟದ ಪೊದೆಗಪ್ಪೆಗಳಿಗೆ 2010ರಲ್ಲಿ ಹೊಸ ಕುಲ ಮಾಡಬೇಕಾಗಿ ಬಂದಾಗ ವಿಜ್ಞಾನಿಗಳು ನೆನೆದದ್ದು ಇವರನ್ನೇ. ಗ್ರೀಕಿನಲ್ಲಿ ಆರ್ಕೆಸ್ಟಿಸ್ ಅಂದರೆ ಕುಣಿಯುವವನು. ಈ ಕುಲದ ಮರಿಗಳು ನೀರಿಗೆ ಇಳಿಯೋದೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತವೆ. ಗೊದಮೊಟ್ಟೆಗಳಿಂದ ಕೆಲಸ ಶುರುಮಾಡಿದ ಮೇಷ್ಟ್ರ ಹೆಸರು ಗೊದಮೊಟ್ಟೆಯ ಹಂತವೇ ಇಲ್ಲದ ಕಪ್ಪೆಗಳಿಗೆ!

ನಮ್ಮ ಕಡೆಯ ಪಟ್ಟಿ ಬೆಳೆದದ್ದು ಇನ್ನೂ ತಡವಾಗಿ. ಜೋಗದ ಹೆಸರಿನ ಇರುಳುಗಪ್ಪೆ ವಿಜ್ಞಾನಕ್ಕೆ ಪರಿಚಯವಾದದ್ದು 2011ರಲ್ಲಿ. ಹಿಂಗಾಲ ಮೇಲೆ ನಿಂತು ಮುಂಗೈಯಿಂದ ಕೆಸರು ತಂದು ಮೊಟ್ಟೆಗೆ ಮೆತ್ತುವ ಕುಂಬಾರ ಕಪ್ಪೆ, ಶರಾವತಿ ಸೀಮೆಯದೇ, 2014ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂದರೆ ಹಿನ್ನೀರು ಏರುವಾಗ ಮುಳುಗಿದ ಹಳ್ಳಗಳಲ್ಲಿ ಯಾವ್ಯಾವ ಕಪ್ಪೆ ಇದ್ದವು ಅನ್ನೋ ಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ಕೆಂಪುಹೊಳೆಗೆ ಒಬ್ಬ ಮೇಷ್ಟ್ರು ಹೋಗಿದ್ದರು, ಬರೆದಿಟ್ಟರು, ಹಾಗಾಗಿ ಕಳೆದದ್ದು ಏನು ಅಂತಲಾದರೂ ಗೊತ್ತಿತ್ತು, ಹುಡುಕಲಿಕ್ಕೂ ಆಯಿತು. ನಮ್ಮ ಆ ಹಳ್ಳಗಳ ವಿಷಯದಲ್ಲಿ ಅದೂ ಇಲ್ಲ.

ನಾಳೆ ರಸ್ತೆ, ರೈಲು, ಅಣೆಕಟ್ಟು ಅಂತ ನಕ್ಷೆ ಬಿಡಿಸುವವರು ನಾವೇ. ಪರಿಸರ ವರದಿಯಲ್ಲಿ ‘ಇಲ್ಲಿರುವ ಜೀವಿಗಳು’ ಅಂತ ಒಂದು ಕಾಲಂ ಬರುತ್ತೆ. ಆ ಕಾಲಂ ತುಂಬೋಕೆ ಬೇಕಾದದ್ದು ರಾಯರು ಮಾಡಿದಂಥ ಕೆಲಸ: ಎಲ್ಲಿ ಸಿಕ್ಕಿತು, ಎಷ್ಟು ಉದ್ದ, ಹೇಗಿತ್ತು. ಬಾಟಲಿ ಕಳೆದುಹೋದರೂ ಬರೆದದ್ದು ಕೈಹಿಡಿಯಿತು ಅನ್ನೋದನ್ನ ಲ್ಯಾಬ್ ರೆಕಾರ್ಡನ್ನು ಪಕ್ಕದವರದ್ದು ನೋಡಿ ಬರೆಯುವಾಗ ನಾನಂತೂ ಈಗ ನೆನೆಸಿಕೊಳ್ತೀನಿ. ಈ ಸಲ ರಜೆಗೆ ಮನೆಗೆ ಹೋದಾಗ ಬೇಲಿಯ ಟಿಕ್ ಟಿಕ್ ಅನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಫೈಲಿನ ಹೆಸರಿನಲ್ಲಿ ಊರು, ತಾರೀಕು, ಗಂಟೆ ಹಾಕಿಟ್ಟಿದ್ದೀನಿ.