ಸೇವಾದಳದ ಶಿಲ್ಪಿ ಡಾ. ನಾ. ಸು. ಹರ್ಡೀಕರ

ಹರ್ಡೀಕರ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಶಿಕಾರಿಪುರ, ಸೊರಬ ಸೀಮೆಯ ಹಿರಿಯರಿಗೆ ಬನವಾಸಿಯ ಹರ್ಡೇಕರ ಮಂಜಪ್ಪನವರ ಸ್ಮರಣೆಯಾಗುವುದು ಸಹಜ. ಸೊರಬದ ಎಲ್ಲೆಗೆ ಹೊಂದಿಕೊಂಡ ಆ ಪುರಾತನ ಪಟ್ಟಣದಲ್ಲಿ 1886ರಲ್ಲಿ ಜನಿಸಿದ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಮಾಡಿ ಕರ್ನಾಟಕದ ಗಾಂಧಿಯೆಂದು ಹೆಸರಾದವರು. ಪ್ರಸ್ತುತ ಲೇಖನದ ನಾಯಕರು ಅವರಲ್ಲ; ಅವರಿಗಿಂತ ಮೂರು ವರ್ಷ ಕಿರಿಯರಾದ, ಹುಬ್ಬಳ್ಳಿಯನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು. ಹೆಸರಿನ ಸಾಮ್ಯದಿಂದ ಈ ಇಬ್ಬರ ಕೀರ್ತಿಯೂ ಪರಸ್ಪರ ಬೆರೆತುಹೋಗಿರುವುದುಂಟು. ಒಬ್ಬರು ಲೇಖನಿಯಿಂದಲೂ ಆಶ್ರಮದಿಂದಲೂ ನಾಡನ್ನು ಎಚ್ಚರಿಸಿದರು. ಮತ್ತೊಬ್ಬರು ತರುಣರನ್ನು ಸಾಲಾಗಿ ನಿಲ್ಲಿಸಿ, ಸಾಲಿನಲ್ಲಿ ನಿಲ್ಲುವುದೂ ಒಂದು ದೇಶಸೇವೆಯೆಂಬುದನ್ನು ಕಲಿಸಿದರು.

ನಾರಾಯಣರಾಯರು 1889ನೆಯ ಇಸವಿ ಮೇ ತಿಂಗಳ 7ರಂದು ವಿಜಾಪುರ, ಅಂದರೆ ಇಂದಿನ ವಿಜಯಪುರ ಜಿಲ್ಲೆಯ ತಿಡಗುಂದಿಯಲ್ಲಿ ಜನಿಸಿದರು. ಕಲ್ಕತ್ತೆಯಲ್ಲಿ ವೈದ್ಯಶಿಕ್ಷಣವನ್ನು ಮುಗಿಸಿ, ಅನಂತರ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ತೆರಳಿ, ಮಿಷಿಗನ್ ವಿಶ್ವವಿದ್ಯಾಲಯದಿಂದ 1916ರಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಸಂಪಾದಿಸಿದರು. ಆ ಕಾಲದಲ್ಲಿ ಪಂಜಾಬಿನ ಸಿಂಹವೆಂದು ಪ್ರಖ್ಯಾತರಾಗಿದ್ದ ಲಾಲಾ ಲಜಪತರಾಯರು ಅಮೆರಿಕದಲ್ಲಿಯೇ ಇದ್ದು ಭಾರತದ ಪರವಾಗಿ ಜನಾಭಿಪ್ರಾಯವನ್ನು ರೂಪಿಸುತ್ತಿದ್ದರು. ಅವರು ಸ್ಥಾಪಿಸಿದ ಹೋಂ ರೂಲ್ ಲೀಗಿನ ಕಾರ್ಯದರ್ಶಿಯಾಗಿ ಹರ್ಡೀಕರರು ದುಡಿದರು. ಪತ್ರವ್ಯವಹಾರ, ಸದಸ್ಯರ ಪಟ್ಟಿ, ಚಂದಾ ವಸೂಲಿ, ಸಭೆಯ ಸಿದ್ಧತೆ ಮೊದಲಾದ ಯಾರ ಕಣ್ಣಿಗೂ ಬೀಳದ ಕೆಲಸಗಳಿಂದಲೇ ಒಂದು ಸಂಸ್ಥೆ ಉಸಿರಾಡುತ್ತದೆಯೆಂಬ ಅರಿವು ಅವರಿಗೆ ಮೂಡಿದ್ದು ಪ್ರಾಯಶಃ ಅಲ್ಲಿಯೇ ಇರಬೇಕು.

1921ರಲ್ಲಿ ಸ್ವದೇಶಕ್ಕೆ ಮರಳಿದಾಗ ಅಸಹಕಾರ ಚಳವಳಿ ಭರದಿಂದ ಸಾಗಿತ್ತು. ವಿದೇಶದ ಪದವಿಯನ್ನು ಪಡೆದ ವೈದ್ಯರಿಗೆ ಕೈತುಂಬ ಸಂಪಾದನೆಯ ಮಾರ್ಗ ತೆರೆದೇ ಇತ್ತು. ಅವರು ಅದರತ್ತ ತಿರುಗಲಿಲ್ಲ. ಹುಬ್ಬಳ್ಳಿಯ ತರುಣರನ್ನು ಕಲೆಹಾಕಿ ಸೇವಾ ಮಂಡಲವೊಂದನ್ನು ಕಟ್ಟಿದರು. ಆ ಕಾಲದ ಸ್ವಯಂಸೇವಕರೆಂದರೆ ಅಧಿವೇಶನವೋ ಮೆರವಣಿಗೆಯೋ ಬಂದಾಗ ಎದೆಗೆ ಬಿಲ್ಲೆ ಚುಚ್ಚಿಕೊಂಡು ಓಡಾಡಿ, ಅದು ಮುಗಿದ ಮರುದಿನ ಚೆದರಿಹೋಗುವ ಉತ್ಸಾಹಿಗಳ ಗುಂಪು. ಹಾಗಲ್ಲದೆ ವರ್ಷವಿಡೀ ನಿಂತಿರುವ, ಕರೆದೊಡನೆ ಬರುವ, ಹೇಳಿದ ಕೆಲಸವನ್ನು ಕೊನೆಮುಟ್ಟಿಸುವ ಒಂದು ತಂಡವಿರಬೇಕೆಂಬುದು ಡಾಕ್ಟರರ ಕಲ್ಪನೆಯಾಗಿತ್ತು.

ಈ ಕಲ್ಪನೆಯ ಪರೀಕ್ಷೆ 1923ರಲ್ಲಿ ನಾಗಪುರದಲ್ಲಿ ನಡೆಯಿತು. ರಾಷ್ಟ್ರಧ್ವಜವನ್ನು ಹಿಡಿದು ಬೀದಿಯಲ್ಲಿ ನಡೆಯುವ ಹಕ್ಕಿಗಾಗಿ ಆರಂಭವಾದ ಧ್ವಜ ಸತ್ಯಾಗ್ರಹಕ್ಕೆ ದೇಶದ ನಾನಾ ಭಾಗಗಳಿಂದ ಸ್ವಯಂಸೇವಕರು ಹೋಗಿ ಬಂಧನಕ್ಕೊಳಗಾದರು. ಹರ್ಡೀಕರರೂ ತಮ್ಮ ಹುಬ್ಬಳ್ಳಿಯ ಪಥಕದೊಡನೆ ಸೆರೆಮನೆ ಸೇರಿದರು. ಹೊರಗೆ ಜಯಘೋಷದ ನಡುವೆ ವೀರರಾಗಿದ್ದ ಅನೇಕರು ಒಳಗಿನ ಕಷ್ಟವನ್ನು ತಾಳಲಾರದೆ ಕ್ಷಮಾಪಣೆಯನ್ನು ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಮಾತ್ರ ಮಣಿಯಲಿಲ್ಲ. ಈ ವ್ಯತ್ಯಾಸ ಏಕೆ ಉಂಟಾಯಿತೆಂಬುದನ್ನು ನಾವು ಎಚ್ಚರದಿಂದ ನೋಡಬೇಕು. ಕ್ಷಮೆ ಕೇಳಿದವರಲ್ಲಿ ದೇಶಭಕ್ತಿ ಕಡಿಮೆಯಿತ್ತೆಂದು ಹೇಳುವುದು ಅನ್ಯಾಯವಾದೀತು. ಅವರಲ್ಲಿ ಇಲ್ಲದಿದ್ದುದು ಅಭ್ಯಾಸ. ಹೊತ್ತಿಗೆ ಸರಿಯಾಗಿ ಏಳುವ, ಹಸಿವನ್ನು ತಡೆಯುವ, ಪಕ್ಕದವನ ಬಲದ ಮೇಲೆ ನಿಲ್ಲುವ ರೂಢಿ ಮುಂಚಿನಿಂದ ಇದ್ದವರಿಗೆ ಸೆರೆಮನೆ ಹೊಸ ಲೋಕವಾಗಿ ಕಾಣಲಿಲ್ಲ. ರಾಷ್ಟ್ರನಾಯಕರ ದೃಷ್ಟಿ ಹುಬ್ಬಳ್ಳಿಯತ್ತ ಹೊರಳಿದ್ದು ಆಗ.

ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ಹಿಂದೂಸ್ತಾನಿ ಸೇವಾದಳದ ಸ್ಥಾಪನೆಯಾಯಿತು. ಆದರೆ ಇದು ಸುಲಭವಾಗಿ ಆದ ಕಾರ್ಯವಲ್ಲ. ಸಮವಸ್ತ್ರ, ಕವಾಯತು, ಅಪ್ಪಣೆ ಇವೆಲ್ಲ ಸೈನ್ಯದ ಲಕ್ಷಣಗಳು, ಅಹಿಂಸೆಯ ಮಾರ್ಗಕ್ಕೆ ಇವು ಹೊಂದುವುದೆಂತು ಎಂಬ ಶಂಕೆ ಹಲವು ಹಿರಿಯರಲ್ಲಿತ್ತು. ಈ ಶಂಕೆಯನ್ನು ಅರ್ಥವಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. ಯೂರೋಪಿನಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ತರುಣರ ದಂಡುಗಳು ಮುಂದೆ ಮಾಡಿದ ಅನಾಹುತಗಳನ್ನು ಬಲ್ಲ ನಾವಂತೂ ಹಾಗೆ ಹೇಳಲಾರೆವು. ಹರ್ಡೀಕರರ ನಿಲುವು ಬೇರೆಯಾಗಿತ್ತು. ಅಹಿಂಸೆಗೆ ಹಿಂಸೆಗಿಂತಲೂ ಹೆಚ್ಚಿನ ಶಿಸ್ತು ಅವಶ್ಯ. ಶಿಸ್ತಿಲ್ಲದ ಜನಸಮೂಹವೇ ಮೊದಲು ಕಲ್ಲೆತ್ತಿಕೊಳ್ಳುವುದು ಎಂಬುದು ಅವರ ದೃಢ ನಂಬಿಕೆ. ತರುಣ ನಾಯಕರಾಗಿದ್ದ ಪಂಡಿತ ಜವಾಹರಲಾಲ ನೆಹರೂ ಅವರು ಈ ವಿಚಾರವನ್ನು ಮೆಚ್ಚಿ ಬೆಂಬಲಿಸಿದರು. ಸೇವಾದಳದ ಪ್ರಥಮ ಅಧ್ಯಕ್ಷರೂ ಆದರು.

ಈ ಕಾಲಕ್ಕೆ ನಮ್ಮ ದೇಶದಲ್ಲಿ ಬಾಲಚಮೂ, ಎಂದರೆ ಸ್ಕೌಟ್ ಚಳವಳಿ, ಬೇರೂರಿತ್ತು. 1907ರಲ್ಲಿ ಇಂಗ್ಲೆಂಡಿನಲ್ಲಿ ಬೇಡನ್ ಪೊವೆಲ್ ಅವರು ಪ್ರಯೋಗಾರ್ಥವಾಗಿ ನಡೆಸಿದ ಶಿಬಿರದಿಂದ ಹುಟ್ಟಿದ ಈ ಚಳವಳಿ ಎರಡೇ ವರ್ಷಗಳಲ್ಲಿ, 1909ರಲ್ಲಿ, ಬೆಂಗಳೂರಿಗೆ ಕಾಲಿಟ್ಟಿತು. ಮೊದಮೊದಲು ಅದರ ಬಾಗಿಲು ಭಾರತೀಯ ಬಾಲಕರಿಗೆ ಮುಚ್ಚಿತ್ತು. 1917ರಲ್ಲಿ ಆನಿ ಬೆಸೆಂಟರು ಮದರಾಸಿನಲ್ಲಿ ಭಾರತೀಯರಿಗಾಗಿಯೇ ಪ್ರತ್ಯೇಕ ಸ್ಕೌಟ್ ಸಂಘವನ್ನು ತೆರೆದರು. ಆದರೂ ಮೂಲ ಸ್ಕೌಟ್ ಪ್ರತಿಜ್ಞೆಯಲ್ಲಿ ದೇವರ ನಂತರ ದೊರೆಗೆ ನಿಷ್ಠೆಯ ಮಾತು ಬರುತ್ತಿತ್ತು. ಪರಕೀಯ ದೊರೆತನವನ್ನು ತೊಲಗಿಸಲು ಹೊರಟ ಮನೆಯ ಹುಡುಗ ಆ ಮಾತನ್ನು ಆಡುವುದಾದರೂ ಹೇಗೆ? ಶಿಬಿರ, ಪ್ರಥಮ ಚಿಕಿತ್ಸೆ, ಸ್ವಾವಲಂಬನೆ, ದಿನಕ್ಕೊಂದು ಉಪಕಾರ ಇವೆಲ್ಲ ಬೇಕು, ಪರರ ದೊರೆ ಬೇಡ ಎನ್ನುವ ತರುಣರಿಗೆ ಸೇವಾದಳ ನೆರಳಾಯಿತು. ಎರಡೂ ಸಂಸ್ಥೆಗಳ ಉದ್ದೇಶ ಬೇರೆಯಾದರೂ ದಿನಚರಿಯಲ್ಲಿ ಎಷ್ಟೋ ಹೋಲಿಕೆಯಿತ್ತು.

1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಮಹಾಧಿವೇಶನ, ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನವೆಂದು ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಗಂಗಾಧರರಾವ್ ದೇಶಪಾಂಡೆಯವರು ಅದರ ವ್ಯವಸ್ಥೆಯ ಭಾರವನ್ನು ಹೊತ್ತರು. ಸ್ವಯಂಸೇವಕರ ಭಾರ ಹರ್ಡೀಕರರ ಹೆಗಲಿಗೆ ಬಂದಿತು. ವಿಜಯನಗರವೆಂದು ಹೆಸರಿಟ್ಟ ಆ ತಾತ್ಕಾಲಿಕ ಪಟ್ಟಣಕ್ಕೆ ನೀರೊದಗಿಸಲು ಪಂಪಾ ಸರೋವರವೆಂಬ ಬಾವಿಯನ್ನೇ ತೋಡಬೇಕಾಯಿತು. ಚಂದ್ರಗುತ್ತಿಯ ಜಾತ್ರೆಯನ್ನೋ ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರನ್ನೋ ಕಂಡ ನಮಗೆ, ಸಾವಿರಾರು ಜನ ಒಂದೆಡೆ ಕೂಡಿದಾಗ ಕುಡಿಯುವ ನೀರು, ಕಸ, ಕಕ್ಕಸು, ದಾರಿ ತಪ್ಪಿದ ಮಕ್ಕಳು, ಮೂರ್ಛೆ ಹೋದ ಮುದುಕರು ಎಂಬ ಚಿಂತೆಗಳು ಎಷ್ಟೆಂದು ಗೊತ್ತು. ಭಾಷಣಕಾರರಿಗೆ ಆ ಚಿಂತೆಗಳಿಲ್ಲ. ಸಾರ್ವಜನಿಕ ಆರೋಗ್ಯವನ್ನೇ ವ್ಯಾಸಂಗದ ವಿಷಯವನ್ನಾಗಿ ಮಾಡಿಕೊಂಡಿದ್ದ ವೈದ್ಯರ ಕೈಯಲ್ಲಿ ಆ ಹೊಣೆಯಿದ್ದುದು ಬೆಳಗಾವಿಯ ಪುಣ್ಯ. ಮನೆಯಲ್ಲಿ ಪೊರಕೆ ಮುಟ್ಟದ ಮೇಲುವರ್ಗದ ಹುಡುಗರು ಅಲ್ಲಿ ಮಲವಿಸರ್ಜನೆಯ ಸ್ಥಳಗಳನ್ನು ಶುಚಿಗೊಳಿಸಿದರು. ಶ್ರೀಮತಿ ಉಮಾಬಾಯಿ ಕುಂದಾಪುರ ಅವರು ನೂರೈವತ್ತರಷ್ಟು ಮಹಿಳೆಯರನ್ನು ಸ್ವಯಂಸೇವಕಿಯರನ್ನಾಗಿ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರೆಂಬುದನ್ನು ನೆನೆದರೆ, ಅಂದಿನ ಸಮಾಜದ ಕಟ್ಟುಪಾಡನ್ನು ಬಲ್ಲವರಿಗೆ ಇದೊಂದು ಸಣ್ಣ ಸಂಗತಿಯೆನಿಸದು. ಮುಂದೆ ಸೇವಾದಳದ ಮಹಿಳಾ ವಿಭಾಗಕ್ಕೆ ಉಮಾಬಾಯಿಯವರೇ ಆಧಾರಸ್ತಂಭವಾದರು. ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಅದರಲ್ಲಿ ದುಡಿದರು.

ಅನಂತರದ ಏಳೆಂಟು ವರ್ಷಗಳು ಹರ್ಡೀಕರರ ಬಾಳಿನ ಅತ್ಯಂತ ಶ್ರಮದ ವರ್ಷಗಳು. ಹುಬ್ಬಳ್ಳಿಯಿಂದ ದಿ ವಾಲಂಟಿಯರ್ ಎಂಬ ಇಂಗ್ಲಿಷ್ ಮಾಸಪತ್ರಿಕೆಯನ್ನು ನಡೆಸಿದರು. ಶಿಬಿರಗಳನ್ನು ಏರ್ಪಡಿಸಿದರು, ಕನ್ನಡದ ತರುಣರು ಅನ್ಯ ಪ್ರಾಂತಗಳಿಗೆ ಶಿಕ್ಷಕರಾಗಿ ಹೋದರು. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಊರೂರಿನಲ್ಲಿಯೂ ಧ್ವಜವಂದನೆ ನಡೆಯಬೇಕೆಂಬ ಪದ್ಧತಿಯನ್ನು ಸೇವಾದಳ ಬಳಕೆಗೆ ತಂದಿತು. ಗಂಟೆಯನ್ನು ನಿಗದಿ ಮಾಡಿದುದರಲ್ಲಿಯೇ ಡಾಕ್ಟರರ ಸ್ವಭಾವ ಕಾಣುತ್ತದೆ. ಬೆಳಗಿನ ಹೊತ್ತು ಎಂದಿದ್ದರೆ ಅರ್ಧ ಜನ ಏಳಕ್ಕೆ ಬಂದು ಬೇಸತ್ತು ಹೋಗುತ್ತಿದ್ದರು, ಉಳಿದರ್ಧ ಹತ್ತಕ್ಕೆ ಬರುತ್ತಿದ್ದರು! ಸಂಬಳವಿಲ್ಲದ ಕೆಲಸದಲ್ಲಿ ಬಿಗಿಯನ್ನು ಕಾಯುವುದು ಎಷ್ಟು ಕಷ್ಟವೆಂಬುದನ್ನು ಶಾಲೆಗಳಲ್ಲಿ ದಳಗಳನ್ನು ನಡೆಸಿದ ಅಧ್ಯಾಪಕರು ಬಲ್ಲರು. ಜೂನ್ ತಿಂಗಳಲ್ಲಿ ಹೆಸರು ಬರೆಸಿದ ಅರುವತ್ತು ಮಂದಿಯಲ್ಲಿ ದೀಪಾವಳಿಯ ಹೊತ್ತಿಗೆ ಇಪ್ಪತ್ತು ಮಂದಿ ಉಳಿದರೆ ಅದೇ ಭಾಗ್ಯ. ನೌಕರನಾದರೆ ದಂಡ ಹಾಕಬಹುದು. ಸ್ವಇಚ್ಛೆಯಿಂದ ಬಂದವನಿಗೆ ಹಾಕುವ ದಂಡ ಯಾವುದು? ಅವನು ನಾಳೆ ಬರದಿದ್ದರೆ ಮುಗಿಯಿತು. ಬಂದವನಿಗೆ ಬಂದ ದಿನವೇ ಒಂದು ನಿರ್ದಿಷ್ಟ ಕೆಲಸವಿರಬೇಕು, ಮೇಲಿನವನು ಕೆಳಗಿನವನಿಗಿಂತ ಮೊದಲು ಬಂದು ನಿಂತಿರಬೇಕು. ಇವೆರಡನ್ನು ಬಿಟ್ಟು ಇದಕ್ಕೆ ಮೂರನೆಯ ಮದ್ದಿಲ್ಲ. ಹರ್ಡೀಕರರು ತಾವೇ ಸಾಲಿನ ಮುಂದೆ ನಿಂತು ಈ ಮದ್ದನ್ನು ಪ್ರಯೋಗಿಸಿದವರು.

1930ರ ಕಾನೂನುಭಂಗ ಚಳವಳಿಯಲ್ಲಿ ಸೇವಾದಳದ ಬೆಲೆ ದೇಶಕ್ಕೆಲ್ಲ ತಿಳಿಯಿತು. ಮದ್ಯದಂಗಡಿಗಳ ಮುಂದೆಯೂ ವಿದೇಶೀ ಬಟ್ಟೆಯ ಅಂಗಡಿಗಳ ಮುಂದೆಯೂ ಪೆಟ್ಟು ತಿಂದು ಕದಲದೆ ನಿಂತವರಲ್ಲಿ ಅದರಲ್ಲಿ ಪಳಗಿದವರು ಅನೇಕರು. ಬೆಲೆ ತಿಳಿದ ಮೇಲೆ ಬೇಡಿಕೆಯೂ ಬಂದಿತು. 1931ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿಯು ಸೇವಾದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಸಂಸ್ಥೆಯನ್ನಾಗಿ ಸ್ವೀಕರಿಸಿ ತನ್ನ ನೇರ ಅಧೀನಕ್ಕೆ ತೆಗೆದುಕೊಂಡಿತು. ಇದನ್ನು ಗೌರವವೆಂದೂ ಕರೆಯಬಹುದು. ಆದರೆ ಎಂಟು ವರ್ಷ ಹುಬ್ಬಳ್ಳಿಯಲ್ಲಿ ಕುಳಿತು ಎಳೆಎಳೆಯಾಗಿ ನೆಯ್ದ ವಸ್ತ್ರ ಒಮ್ಮೆಗೇ ಇನ್ನೊಬ್ಬರ ಪೆಟ್ಟಿಗೆಗೆ ಸೇರಿದಂತಾಯಿತೆಂಬುದೂ ಸುಳ್ಳಲ್ಲ. ಮರುವರ್ಷವೇ ಬ್ರಿಟಿಷ್ ಸರಕಾರ ಸೇವಾದಳವನ್ನು ನಿಷೇಧಿಸಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದರೂ ಸೇವಾದಳದ ಮೇಲಿನದು ಹಾಗೆಯೇ ಉಳಿಯಿತು. ಯಾವುದಕ್ಕೆ ಹೆಚ್ಚು ಅಂಜಬೇಕೆಂಬುದನ್ನು ಸರಕಾರ ಚೆನ್ನಾಗಿ ಅರಿತಿತ್ತು.

ಇಲ್ಲಿ ನಮ್ಮ ಮನೆಯಂಗಳದ ಒಂದು ಘಟನೆಯನ್ನು ನೆನೆಯದಿರಲಾಗದು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಘೋಷಿಸಿಕೊಂಡಿತು. ಇಬ್ಬರು ಬಾಲಕರನ್ನೇ ಅಮಲ್ದಾರನೆಂದೂ ಸಬ್ ಇನ್ಸ್ಪೆಕ್ಟರನೆಂದೂ ಗ್ರಾಮದವರು ನೇಮಿಸಿದರು. ಊರಿಗೆ ಬರುವ ಅಧಿಕಾರಿಗಳು ಗಾಂಧಿ ಟೋಪಿ ಧರಿಸಿಯೇ ಬರಬೇಕೆಂದು ವಿಧಿಸಿದರು. ಸೆಪ್ಟೆಂಬರ್ ಕೊನೆಯಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್ಸ್ಪೆಕ್ಟರರೂ ಹತರಾದರು. ಮನೆಗಳು ಲೂಟಿಯಾದವು, ಹೆಂಗಸರೂ ಸೆರೆಮನೆ ಕಂಡರು, 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರು ನೇಣುಗಂಬವೇರಿದರು. ಆ ಧೀರರ ತ್ಯಾಗದ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ದೇಶದ ನಾಯಕರೆಲ್ಲ ಕಾರಾಗೃಹದಲ್ಲಿದ್ದ ಆ ದಿನಗಳಲ್ಲಿ, ಕೆರಳಿದ ಸಮೂಹದ ಮುಂದೆ ಕೈಕೈ ಹಿಡಿದು ನಿಲ್ಲಬಲ್ಲ ತರಬೇತಾದ ಇಪ್ಪತ್ತು ತರುಣರು ಈಸೂರಿನಲ್ಲಿ ಇದ್ದಿದ್ದರೆ ಎಂಬ ಪ್ರಶ್ನೆ ಈ ಲೇಖಕನನ್ನು ಬಹುಕಾಲದಿಂದ ಕಾಡಿದೆ. ಕಾಕಿನಾಡದಲ್ಲಿ ಹರ್ಡೀಕರರನ್ನು ಶಂಕಿಸಿದವರ ಪ್ರಶ್ನೆಗೆ ಉತ್ತರ ನಮ್ಮ ಮಲೆನಾಡಿನ ಅಂಚಿನ ಒಂದು ಹಳ್ಳಿಯಲ್ಲಿ, ಅತ್ಯಂತ ದುಬಾರಿ ಬೆಲೆಗೆ, ದೊರೆಯಿತೆನ್ನಬೇಕು.

ಸಂಸ್ಥೆ ಕೈಬಿಟ್ಟುಹೋದ ಮೇಲೆ ಹರ್ಡೀಕರರು ಕೈಕಟ್ಟಿ ಕುಳಿತವರಲ್ಲ. ಬೆಳಗಾವಿ ಜಿಲ್ಲೆಯ ಘಟಪ್ರಭೆಯಲ್ಲಿ ಡಾ. ಕೊಕಟನೂರ ಮೊದಲಾದವರೊಡನೆ ಸೇರಿ ಸ್ಥಾಪಿಸಿದ ಕರ್ನಾಟಕ ಆರೋಗ್ಯಧಾಮವು ಅವರ ಎರಡನೆಯ ಸೇವಾಕ್ಷೇತ್ರವಾಯಿತು. ಯೌವನದಲ್ಲಿ ಬದಿಗಿಟ್ಟ ವೈದ್ಯವಿದ್ಯೆ ಹೀಗೆ ಬಡ ರೋಗಿಗಳ ಪಾಲಿಗೆ ಮರಳಿ ಬಂದಿತು. ಸ್ವಾತಂತ್ರ್ಯಾನಂತರ 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಭಾರತ ಸರಕಾರ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಪರರ ದೊರೆಯ ಹೆಸರಿನ ಪ್ರತಿಜ್ಞೆಯೂ ಕಾಲಕ್ರಮದಲ್ಲಿ ತೊಲಗಿತು. ಹಲವು ಹೆಸರುಗಳಲ್ಲಿ ಹಂಚಿಹೋಗಿದ್ದ ಸ್ಕೌಟ್ ಸಂಘಗಳು 1950ರ ನವೆಂಬರ್ 7ರಂದು ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಸ್ಥೆಯಾದವು. ಈ ಐಕ್ಯಕ್ಕಾಗಿ ಪ್ರಯತ್ನಿಸಿದವರಲ್ಲಿ ಸೇವಾದಳದ ಪ್ರಥಮ ಅಧ್ಯಕ್ಷರಾಗಿದ್ದ ನೆಹರೂ ಅವರೂ ಒಬ್ಬರೆಂಬುದು ಗಮನಾರ್ಹ. ಶಾಲೆಯ ಅಂಗಳದಲ್ಲಿ ಸ್ಕಾರ್ಫು ಕಟ್ಟಿ ನಿಲ್ಲುವ ಇಂದಿನ ಹುಡುಗನಿಗೆ, ಸೇವೆಗೂ ಸ್ವಾಭಿಮಾನಕ್ಕೂ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಗಿದ್ದ ಅವನ ಅಜ್ಜನ ಕಾಲದ ಇಕ್ಕಟ್ಟು ಇಲ್ಲ.

ಹರ್ಡೀಕರರು 1975ನೆಯ ಇಸವಿ ಆಗಸ್ಟ್ 26ರಂದು, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ನಿಧನರಾದರು. 1989ರಲ್ಲಿ, ಅವರ ಜನ್ಮಶತಾಬ್ದಿಯ ವರ್ಷ, ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.